ಮಗ್ಗದ ಗುಂಡಿಯೂ ಮನೆಯ ನಕ್ಷೆಯೂ

ಕೊಯಮತ್ತೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ದೇವಾಂಗ ನೇಕಾರರ ಹಳೆಯ ಮನೆಗಳಿಗೆ ನಕ್ಷೆ ಹಾಕಿಕೊಟ್ಟದ್ದು ಮಗ್ಗವೇ ಎನ್ನಬೇಕು. ನೇಯುವವನು ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತು ಮೆಟ್ಟುಗಳನ್ನು ತುಳಿಯುತ್ತಿದ್ದನು. ಅದಕ್ಕೆ ಮಣ್ಣಿನ ನೆಲವೇ ತಕ್ಕುದು. ಅದರ ತೇವವು ನೂಲನ್ನು ಸುಲಭವಾಗಿ ಹರಿಯಗೊಡದು. ಹಾಸಿನ ನೀಳಕ್ಕೆ ಮನೆ ಸಾಲದು. ಗಂಜಿ ಹಚ್ಚುವ ಹೊತ್ತಿಗೆ ಬೀದಿಯೂ ಮನೆಯ ಅಂಗವಾಗುತ್ತಿತ್ತು.

1888ರಲ್ಲಿ ರಾಬರ್ಟ್ ಸ್ಟೇನ್ಸ್ ದೊರೆಯು ಕೊಯಮತ್ತೂರಿನಲ್ಲಿ ಗಿರಣಿಯನ್ನು ಸ್ಥಾಪಿಸಿದನು. ಆದರೆ ನಿಜವಾದ ಪಲ್ಲಟಕ್ಕೆ ಕಾರಣ ವಿದ್ಯುತ್ತು. 1932ರಲ್ಲಿ ನೀಲಗಿರಿಯ ಪೈಕಾರದ ಜಲವಿದ್ಯುತ್ತು ಬಯಲಿಗಿಳಿಯಿತು, ಗಿರಣಿಗಳು ಹೆಚ್ಚಿದವು. ಮುಂದೆ ಸೋಮನೂರು, ಪಲ್ಲಡಂ ಕಡೆಗಳಲ್ಲಿ ವಿದ್ಯುತ್ ಮಗ್ಗಗಳು ಹಬ್ಬಿದವು. ಅವು ಅದುರುವ ಯಂತ್ರಗಳು. ಅವಕ್ಕೆ ಗುಂಡಿ ಬೇಡ, ಗಟ್ಟಿ ನೆಲ ಬೇಕು. ಹೀಗೆ ನೇಯ್ಗೆಯು ಪಡಸಾಲೆಯನ್ನು ಬಿಟ್ಟು ಶೆಡ್ಡಿಗೆ ಹೋಯಿತು.

ಗುಂಡಿಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಮಕ್ಕಳಿಗೆ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ತಾವಾಗಿಯೇ ಬರುತ್ತಿದ್ದವು. ಶೆಡ್ಡಿನ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳಿಸದು. ಉಪಾಧ್ಯಾಯನಾದ ನನಗೆ ಇದು ಕೂಲಿಯ ಲೆಕ್ಕಕ್ಕೆ ಸಿಗದ ನಷ್ಟವೆಂದು ತೋರುತ್ತದೆ. ಇಂದು ಗಣಕಯಂತ್ರದಲ್ಲಿ ಮನೆಯ ನಕ್ಷೆ ತೆಗೆಯುವವರು ಮೊದಲು ಕೇಳುವುದು ಮೋಟಾರು ಗಾಡಿಗೆ ಎಷ್ಟು ಅಡಿ ಬೇಕೆಂದು! ಸಿರುಮುಗೈಯಲ್ಲಿ ಮಾತ್ರ ದೇವಾಂಗರು ಇಂದಿಗೂ ಕೈಮಗ್ಗದಲ್ಲಿ ರೇಷ್ಮೆ ಸೀರೆಗಳನ್ನು ನೇಯುತ್ತಿದ್ದಾರೆ.