ಪುಸ್ತಕದಲ್ಲಿದ್ದ ಹಕ್ಕು

ನಮ್ಮ ಪ್ರೌಢಶಾಲೆ ಆರಂಭವಾದದ್ದು 1975ರ ಜೂನ್ ತಿಂಗಳಲ್ಲಿ. ಅದೇ ತಿಂಗಳ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಎಂಟನೇ ತರಗತಿಯ ಮೊದಲ ತಂಡದಲ್ಲಿದ್ದ ನಮಗೆ ಅದರ ಅರ್ಥ ತಿಳಿಯುವ ವಯಸ್ಸಲ್ಲ. ಆದರೂ ಒಂದು ದಿನದ ಪಾಠ ಇನ್ನೂ ನೆನಪಿದೆ. ಸಮಾಜ ಪಾಠದ ಮೇಷ್ಟ್ರು ಮೂಲಭೂತ ಹಕ್ಕುಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಇವೆಲ್ಲಾ ಈಗಲೂ ಇದಾವಾ?” ಎಂದು ಕೇಳಿದ. ಮೇಷ್ಟ್ರು ಒಮ್ಮೆ ಬಾಗಿಲ ಕಡೆ ನೋಡಿ, “ಪುಸ್ತಕದಲ್ಲಿವೆ, ಬರ್ಕೊಳ್ಳಿ” ಎಂದರು.

ಮುಂದೆ ನಾನೂ ಇತಿಹಾಸದ ಅಧ್ಯಾಪಕನಾದ ಮೇಲೆ ಆ ಉತ್ತರದ ಭಾರ ತಿಳಿಯಿತು. ನ್ಯಾಯಾಲಯ ಕಾಯಬೇಕಾದದ್ದು ಕಾನೂನಿನ ಅಕ್ಷರವನ್ನೋ, ನ್ಯಾಯವನ್ನೋ? ಈ ಪ್ರಶ್ನೆ ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿಯೂ ಎದ್ದಿತ್ತು.

ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಬಂಧಿಸಿ ಇಲ್ಲಿನ ಸೆರೆಮನೆಯಲ್ಲಿ ಇಡಲಾಯಿತು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ‘ಈ ಮನುಷ್ಯನನ್ನು ಯಾವ ಆಧಾರದ ಮೇಲೆ ಹಿಡಿದಿಟ್ಟಿದ್ದೀರಿ, ತೋರಿಸಿ’ ಎಂದು ಸರ್ಕಾರವನ್ನು ಕೇಳಿಸುವ ಅರ್ಜಿ ಅದು. ಅಂಥ ಅರ್ಜಿಗಳನ್ನು ವಿಚಾರಿಸಬಹುದು ಎಂದು ದೇಶದ ಒಂಬತ್ತು ಹೈಕೋರ್ಟುಗಳು ಹೇಳಿದವು. ನಮ್ಮ ಹೈಕೋರ್ಟೂ ಅದರಲ್ಲಿ ಒಂದು. ಅರ್ಜಿಯನ್ನು ಕೇಳಿದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿಗೆ ಆಮೇಲೆ ಅಲಹಾಬಾದಿಗೂ, ಎಂ. ಸದಾನಂದಸ್ವಾಮಿ ಅವರಿಗೆ ಗುವಾಹಟಿಗೂ ವರ್ಗವಾಯಿತು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಜಬಲ್‌ಪುರ ಪ್ರಕರಣವೆಂದು ಪ್ರಸಿದ್ಧವಾದ ಮೊಕದ್ದಮೆ. ಸರ್ಕಾರದ ವಾದ ಸರಳವಾಗಿತ್ತು: 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ರಾಷ್ಟ್ರಪತಿಗಳ ಆದೇಶ ತಡೆಹಿಡಿದಿದೆ, ಆದ್ದರಿಂದ ಅರ್ಜಿಯೇ ನಿಲ್ಲುವುದಿಲ್ಲ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಪೊಲೀಸನೊಬ್ಬ ಸ್ವಂತ ದ್ವೇಷಕ್ಕಾಗಿ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದೇ ಉತ್ತರವಾಗಿತ್ತು.

1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು. ಅವರೆಲ್ಲರೂ ದೊಡ್ಡ ವಿದ್ವಾಂಸರೇ. ಆದೇಶದ ಅಕ್ಷರ ಹಾಗಿದೆ, ನಾವೇನು ಮಾಡಲಾದೀತು ಎಂಬುದು ಅವರ ನಿಲುವಿನ ಸಾರ.

ಅಕ್ಷರಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ನ್ಯಾಯಾಧೀಶರು ತಮತಮಗೆ ತೋಚಿದ್ದನ್ನೇ ನ್ಯಾಯವೆಂದು ಬರೆಯತೊಡಗಿದರೆ ಬಡವನಿಗೆ ಆಸರೆಯೇ ಉಳಿಯದು. ಪಹಣಿಯಲ್ಲಿ ಹೆಸರಿದೆ ಎಂಬ ಧೈರ್ಯದಿಂದಲೇ ನಮ್ಮೂರಿನ ಸಣ್ಣ ರೈತ ದೊಡ್ಡವರ ಎದುರು ನಿಲ್ಲುತ್ತಾನೆ. ಬರೆದಿಟ್ಟ ಮಾತು ಬಲವಿಲ್ಲದವನ ಬಲ.

ಭಿನ್ನ ತೀರ್ಪು ಬರೆದ ಖನ್ನಾ ಅವರೂ ಕಾನೂನನ್ನು ಬದಿಗಿಡಲಿಲ್ಲ. ಜೀವ ಮತ್ತು ಸ್ವಾತಂತ್ರ್ಯ 21ನೇ ವಿಧಿಯೊಂದೇ ಕೊಟ್ಟ ವರವಲ್ಲ, ಸಂವಿಧಾನ ಬರುವ ಮೊದಲೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯುವಂತಿರಲಿಲ್ಲ ಎಂದರು. ಬಂಧಿಸುವುದಕ್ಕೆ ಸರ್ಕಾರದ ಕೈಯಲ್ಲಿ ‘ಮೀಸಾ’ ಎಂಬ ಕಾಯಿದೆಯಿತ್ತು. ಆ ಕಾಯಿದೆಯನ್ನಾದರೂ ಪಾಲಿಸಿದ್ದೀರಾ ಎಂದು ಕೇಳುವ ಅಧಿಕಾರ ಕೋರ್ಟಿಗೆ ಇರಲೇಬೇಕಲ್ಲವೇ? ಇಲ್ಲಿ ನನಗೆ ಕಾಣುವ ಪಾಠ ಇದು: ಒಂದು ಆದೇಶದ ಅಕ್ಷರವನ್ನು ಕಾಯಲು ಹೋದ ನಾಲ್ವರು ಸರ್ಕಾರವನ್ನು ಎಲ್ಲ ಕಾನೂನಿನಿಂದಲೂ ಬಿಡುಗಡೆ ಮಾಡಿದರು. ನ್ಯಾಯವನ್ನು ಹಿಡಿದ ಒಬ್ಬರೇ ಕಾನೂನನ್ನೂ ಉಳಿಸಿದರು.

ಅದಕ್ಕೆ ಅವರು ಬೆಲೆ ತೆತ್ತರು. 1977ರ ಜನವರಿಯಲ್ಲಿ ಹಿರಿಯರಾಗಿದ್ದ ಅವರನ್ನು ಬಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ತಡೆಹಿಡಿಯುವಂತಿಲ್ಲ ಎಂದಿತು. ಬಹುಮತದ ತೀರ್ಪಿನಲ್ಲಿದ್ದ ಪಿ.ಎನ್. ಭಗವತಿ ಅವರು 2011ರಲ್ಲಿ ತಾವು ತಪ್ಪಿದೆವೆಂದು ಒಪ್ಪಿಕೊಂಡರು. ಕೊನೆಗೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್ ಅವರು 1976ರ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ಮಗ. ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ತಪ್ಪು ತಿದ್ದಲು 41 ವರ್ಷ ಹಿಡಿಯಿತು.

ನಮ್ಮ ಮೇಷ್ಟ್ರು ಈಗಿಲ್ಲ. ಅವರು ಅಂದು ಹೆದರಿದರು ಎನ್ನುವುದು ಸುಲಭ. ಆದರೆ ಅವರು ಸುಳ್ಳು ಹೇಳಲಿಲ್ಲ, ಪಾಠವನ್ನು ಬಿಟ್ಟು ಮುಂದಕ್ಕೂ ಹೋಗಲಿಲ್ಲ. ಬೋರ್ಡಿನ ತುಂಬ ಬರೆದು ನಮ್ಮಿಂದಲೂ ಬರೆಸಿದರು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಇಂದಿನ ಮಕ್ಕಳಲ್ಲಿ ನನ್ನದೊಂದೇ ಕೋರಿಕೆ. ಆ ಪಾಠ ಬಂದಾಗ ಬರೆದುಕೊಳ್ಳಿ. ಹಿಂದಿನ ಬೆಂಚಿನ ಆ ಹುಡುಗನ ಪ್ರಶ್ನೆಯನ್ನೂ ಕೇಳುತ್ತಿರಿ.