ಬಯಲು, ಘಟ್ಟ, ಕಡಲು: ನಮ್ಮ ಶಿಬಿರಗಳ ಚರಿತ್ರೆಯ ಮೇಲೊಂದು ನೋಟ



ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಾಭಿಮುಖವಾಗಿ ಹರಿದು, ಕಲಘಟಗಿಯ ಸೀಮೆಯನ್ನು ದಾಟಿ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಕೊನೆಗೆ ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಇದೇ ನಾಡಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳಾಗಿ ನವಲಗುಂದದ ಎರೆಭೂಮಿಯಲ್ಲಿ ಹರಿದು, ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಹೀಗೆ ಹುಬ್ಬಳ್ಳಿ-ಧಾರವಾಡಗಳು ನೀರು ಎರಡು ದಿಕ್ಕಿಗೆ ಇಬ್ಭಾಗವಾಗುವ ನೆಲದ ಮೇಲೆ ನಿಂತಿವೆ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಘಟ್ಟ, ಘಟ್ಟದ ಕೆಳಗೆ ಕಡಲು. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ, ಅರ್ಧ ದಿನದ ಬಸ್ ಪ್ರಯಾಣದಷ್ಟು ದೂರದ ಕಾರವಾರದಲ್ಲಿ 3000 ಮಿ.ಮೀ. ಸುಮಾರಿಗೆ ಸುರಿಯುತ್ತದೆ. ತರುಣರನ್ನು ಶಿಬಿರಗಳಲ್ಲಿ ಸೇರಿಸಿ ನಾಯಕತ್ವವನ್ನು ಕಲಿಸುವ ಪರಂಪರೆಯೊಂದು ನಮ್ಮ ಊರಿಗೆ ಇದೆ. ಆ ಪರಂಪರೆಗೂ ಈ ಮೂರು ಬಗೆಯ ನೆಲಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಿಬಿರವೆಂಬ ಮಾತು ಹೊಸದಾಗಿ ಕೇಳಿಸಬಹುದು; ಗುಂಪಾಗಿ ನೆಲ ದಾಟುವ ವಿದ್ಯೆ ನಮ್ಮವರಿಗೆ ಹಳೆಯದು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಗಳ ರೈತರು ಚಕ್ಕಡಿ ಕಟ್ಟಿಕೊಂಡು ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಹೋಗುವುದನ್ನು ನೀವೆಲ್ಲ ಬಲ್ಲಿರಿ. ರೊಟ್ಟಿ-ಹಿಂಡಿಯ ಗಂಟು, ಎತ್ತುಗಳಿಗೆ ಮೇವು, ರಾತ್ರಿಯ ತಂಗುವಿಕೆ, ಕಾಡಿನೊಳಗೆ ಒಬ್ಬರನ್ನೊಬ್ಬರು ಕಾಯ್ದುಕೊಂಡು ಸಾಗುವುದು, ಇವೆಲ್ಲವೂ ಸೇರಿದ ಶಾಲೆ ಅದು. ಘಟ್ಟದ ದಾರಿಗಳಿಗೆ ವ್ಯಾಪಾರದ ಚರಿತ್ರೆಯೂ ಉಂಟು. ರೈಲು ಬರುವ ಮುನ್ನ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಆದ್ದರಿಂದಲೇ ನಮ್ಮ ಬಯಲಿನ ಹತ್ತಿಗೆ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿಯೆಂಬ ಹೆಸರು ಬಿದ್ದಿತು. ಬಯಲಿನವರಿಗೆ ಕಡಲು ಅಪರಿಚಿತವಲ್ಲದ ಕಾಲವೊಂದಿತ್ತು ಎಂಬುದನ್ನು ಈ ಹೆಸರು ಇಂದಿಗೂ ಸಾರುತ್ತದೆ.

ಆಧುನಿಕ ಅರ್ಥದ ಶಿಬಿರಗಳ ಕಥೆ ಹುಬ್ಬಳ್ಳಿಯಲ್ಲಿ ಡಾ. ನಾ. ಸು. ಹರ್ಡೀಕರರಿಂದ ಮೊದಲಾಗುತ್ತದೆ. 1889ರಲ್ಲಿ ಜನಿಸಿದ ಅವರು ವೈದ್ಯಶಿಕ್ಷಣ ಪಡೆದು, ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಲಾಲಾ ಲಜಪತರಾಯರ ಜೊತೆ ದೇಶದ ಕೆಲಸ ಮಾಡಿ 1921ರಲ್ಲಿ ಸ್ವದೇಶಕ್ಕೆ ಮರಳಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅವರ ಹುಬ್ಬಳ್ಳಿಯ ಸೇವಾ ಮಂಡಲದ ತರುಣರು ಸೆರೆಮನೆ ಸೇರಿ, ಕ್ಷಮೆ ಯಾಚಿಸದೆ ಶಿಕ್ಷೆಯನ್ನು ಪೂರ್ಣವಾಗಿ ಅನುಭವಿಸಿದ್ದು ದೇಶದ ಗಮನವನ್ನು ಸೆಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಹುಬ್ಬಳ್ಳಿ ಅದರ ಕಾರ್ಯಕೇಂದ್ರವಾಯಿತು. ಕವಾಯತು ಮಾಡುವ ಪಡೆ ಅಹಿಂಸೆಗೆ ಹೊಂದುವುದೇ ಎಂಬ ಆಕ್ಷೇಪ ಕಾಂಗ್ರೆಸ್ಸಿನೊಳಗೇ ಕೇಳಿಬಂದಿತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಅಧಿವೇಶನದ ಅಚ್ಚುಕಟ್ಟಾದ ವ್ಯವಸ್ಥೆ ಆ ಆಕ್ಷೇಪಕ್ಕೆ ಕಾರ್ಯರೂಪದ ಉತ್ತರವಾಯಿತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಅಲ್ಲಿ ಮಹಿಳಾ ಸ್ವಯಂಸೇವಕಿಯರನ್ನು ಸಂಘಟಿಸಿದರು. ಮನೆಯ ಹೊಸಿಲು ದಾಟುವುದೇ ದುಸ್ತರವಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳು ಬಯಲಿನ ಡೇರೆಗಳ ನಡುವೆ ಸಾವಿರಾರು ಜನರ ಯೋಗಕ್ಷೇಮ ನೋಡಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಸೇವಾದಳದ ಶಿಕ್ಷಣವನ್ನು ಗಮನಿಸಿದರೆ ಅದು ಬಯಲಿನ ಶಿಕ್ಷಣವೆಂಬುದು ಸ್ಪಷ್ಟವಾಗುತ್ತದೆ. ಸಾಲು, ಕವಾಯತು, ಧ್ವಜವಂದನೆ, ಪ್ರಥಮ ಚಿಕಿತ್ಸೆ, ಜನಜಂಗುಳಿಯ ನಿರ್ವಹಣೆ, ಇವೆಲ್ಲಕ್ಕೂ ಸಮತಟ್ಟಾದ ಮೈದಾನ ಬೇಕು. ಮೈದಾನದಲ್ಲಿ ನಾಯಕನಿಗೆ ಎಲ್ಲರೂ ಕಾಣುತ್ತಾರೆ, ಎಲ್ಲರಿಗೂ ನಾಯಕ ಕಾಣುತ್ತಾನೆ. ಒಂದು ಕೂಗಿಗೆ ನೂರು ಕಾಲುಗಳು ನಿಲ್ಲುತ್ತವೆ. ಅಪ್ಪಣೆ ಮತ್ತು ಶಿಸ್ತುಗಳು ಬಯಲಿನಲ್ಲಿ ಸಹಜವಾಗಿ ಬೆಳೆಯುವ ಗುಣಗಳು. ಚದುರಿಹೋಗಿದ್ದ ಜನತೆಯನ್ನು ಒಗ್ಗೂಡಿಸಬೇಕಾಗಿದ್ದ ಆ ಕಾಲಕ್ಕೆ ಅವು ಅತ್ಯಗತ್ಯವೂ ಆಗಿದ್ದವು.

ಆದರೆ 1930ರಲ್ಲಿ ಚಳವಳಿಯೇ ಬಯಲಿನಿಂದ ಕಡಲಿಗೆ ಇಳಿಯಿತು. ಉಪ್ಪಿನ ಸತ್ಯಾಗ್ರಹಕ್ಕೆ ಉಪ್ಪು ಸಿಗುವ ನೆಲ ಬೇಕು. ನಮ್ಮ ಎರೆಮಣ್ಣು ಜೋಳ, ಹತ್ತಿಗಳನ್ನು ಕೊಡಬಲ್ಲದೇ ಹೊರತು ಸಮುದ್ರದ ಉಪ್ಪನ್ನು ಕೊಡಲಾರದು. ಕರ್ನಾಟಕದ ಮುಖಂಡರು ಅಂಕೋಲೆಯನ್ನು ಆರಿಸಿದರು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಲ್ಲಿ ಕಾನೂನುಭಂಗವಾಯಿತು. ಮುಂದೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ ನಡೆದು, ರೈತಕುಟುಂಬಗಳು ಹೊಲಮನೆಗಳನ್ನೇ ಕಳೆದುಕೊಂಡವು. ಅಲ್ಲಿನ ಚಳವಳಿಯ ಬಲ ಊರಿನ ರೈತರಲ್ಲಿತ್ತು. ಕಾಡುದಾರಿ, ಹೊಳೆಯ ಕಡವು, ಉಪ್ಪಿನ ಆಗರ, ಅಳಿವೆ, ಇವುಗಳನ್ನು ಬಲ್ಲವರು ಅವರೇ. ಬಯಲಿನ ಕವಾಯತು ಎಷ್ಟೇ ಅಚ್ಚುಕಟ್ಟಾಗಿರಲಿ, ನೆಲ ಬಲ್ಲವರ ಹಿಂದೆ ನಡೆಯುವ ವಿನಯ ಇಲ್ಲದಿದ್ದರೆ ಅಂಥ ಸೀಮೆಯಲ್ಲಿ ಅದು ಉಪಯೋಗಕ್ಕೆ ಬಾರದು. 1932ರಲ್ಲಿ ಸರಕಾರ ಕಾಂಗ್ರೆಸ್ಸಿನೊಂದಿಗೆ ಸೇವಾದಳವನ್ನೂ ನಿಷೇಧಿಸಿತು. ಅದು ಮತ್ತೆ ಹಳೆಯ ಸ್ವರೂಪಕ್ಕೆ ಮರಳಲಿಲ್ಲವಾದರೂ, ಬಿತ್ತಿದ ಬೀಜ ಬೇರೆ ಬೇರೆ ಕಡೆ ಮೊಳೆಯಿತು. ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಎಸ್. ಎನ್. ಸುಬ್ಬರಾವ್ ಅವರು ಹರ್ಡೀಕರರ ಕರೆಗೆ ಓಗೊಟ್ಟು ಸೇವಾದಳ ಸೇರಿ, ಜೀವನವಿಡೀ ತರುಣರ ಶಿಬಿರಗಳನ್ನು ನಡೆಸಿದರು. ಅವರು ಆರಿಸಿಕೊಂಡ ನೆಲ ಚಂಬಲ್ ಕಣಿವೆಯ ಕೊರಕಲುಗಳು. ಅವರು 1970ರಲ್ಲಿ ಜೌರಾದಲ್ಲಿ ಸ್ಥಾಪಿಸಿದ ಆಶ್ರಮದಲ್ಲಿಯೇ 1972ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಡಕಾಯಿತರು ಶಸ್ತ್ರ ಕೆಳಗಿಟ್ಟರು. 2021ರ ಅಕ್ಟೋಬರಿನಲ್ಲಿ ಅವರು ನಿಧನರಾದರು.

ಹೊರಜಗತ್ತಿನಲ್ಲಿಯೂ ಶಿಬಿರಗಳ ಚರಿತ್ರೆ ನೆಲವನ್ನು ಹಿಡಿದೇ ಸಾಗಿದೆ. ಬೇಡನ್ ಪೊವೆಲ್ ಅವರು 1907ರಲ್ಲಿ ಸ್ಕೌಟ್ ಪದ್ಧತಿಯ ಮೊದಲ ಪ್ರಾಯೋಗಿಕ ಶಿಬಿರವನ್ನು ನಡೆಸಿದ್ದು ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಕುರ್ಟ್ ಹಾನ್ ಎಂಬ ಶಿಕ್ಷಣತಜ್ಞರು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರ ನೆರವಿನಿಂದ ವೇಲ್ಸಿನ ಕಡಲತೀರದ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯನ್ನು ತೆರೆದರು. ಮುಳುಗಿದ ಹಡಗುಗಳಿಂದ ಜೀವರಕ್ಷಕ ದೋಣಿ ಹತ್ತಿದವರಲ್ಲಿ ಕಟ್ಟುಮಸ್ತಾದ ತರುಣರಿಗಿಂತ ಹಳೆಯ ನಾವಿಕರೇ ಹೆಚ್ಚಾಗಿ ಬದುಕಿ ಬರುತ್ತಿದ್ದಾರೆಂದು ಹೋಲ್ಟ್ ಅವರು ಕಂಡುಕೊಂಡಿದ್ದರು. ತೋಳಿನ ಬಲದಷ್ಟೇ ಮನಸ್ಸಿನ ಸ್ಥೈರ್ಯವೂ, ಸಮುದ್ರದ ಅನುಭವವೂ ಮುಖ್ಯವೆಂಬ ಆ ತಿಳಿವಳಿಕೆಯೇ ಶಾಲೆಯ ಅಡಿಪಾಯ. ಅದೇ ಸಂಸ್ಥೆ 1950ರಲ್ಲಿ ಎಸ್ಕ್‌ಡೇಲ್‌ನಲ್ಲಿ ಪರ್ವತಶಾಲೆಯನ್ನು ಆರಂಭಿಸಿತು. ನಮ್ಮ ದೇಶದಲ್ಲಿ ತೇನ್‌ಸಿಂಗ್ ಅವರು ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು.

ಇನ್ನು ನನ್ನ ಅನುಭವದ ಎರಡು ಮಾತು. ಶಾಲೆಯ ಸ್ಕೌಟ್ ಮಕ್ಕಳನ್ನು ಕರೆದುಕೊಂಡು ನಾನು ಹಲವು ವರ್ಷ ಯಲ್ಲಾಪುರ, ಅಂಕೋಲೆಗಳ ಕಡೆ ಹೋಗುತ್ತಿದ್ದೆ. ಮೈದಾನದಲ್ಲಿ ಚುರುಕಾಗಿ ಸಾಲು ನಡೆಸುತ್ತಿದ್ದ ಹುಡುಗ ಘಟ್ಟದ ಕಾಲುದಾರಿಯಲ್ಲಿ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ತಿರುವಿನಾಚೆ ಕಾಣುವುದಿಲ್ಲ, ಕೂಗಿದರೆ ಕಾಡು ನುಂಗುತ್ತದೆ, ಇಂಬಳ ಹತ್ತಿದ ಚಿಕ್ಕವನೊಬ್ಬ ಹಿಂದೆ ಕುಳಿತುಬಿಟ್ಟರೆ ಮುಂದಿನವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಘಟ್ಟದಲ್ಲಿ ಇಬ್ಬರು ನಾಯಕರಿರಬೇಕು. ಮುಂದಿನವನು ದಾರಿ ನೋಡುವವನು, ಹಿಂದಿನವನು ಜನ ನೋಡುವವನು. ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಯೇ ಇಡೀ ತಂಡದ ಹೆಜ್ಜೆ. ನವಲಗುಂದ ಕಡೆಯ ಮಿತಭಾಷಿ ಹುಡುಗನೊಬ್ಬನಿದ್ದ. ಕವಾಯತಿನಲ್ಲಿ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹಿಂದಿನ ನಾಯಕನನ್ನಾಗಿ ಮಾಡಿದಾಗ ಅವನು ಪ್ರತಿ ತಿರುವಿನಲ್ಲೂ ತಲೆ ಎಣಿಸಿದ; ಬಳಲಿದವನ ಗಂಟನ್ನು ಕೇಳದೆಯೇ ತನ್ನ ಹೆಗಲಿಗೆ ಹಾಕಿಕೊಂಡ. ಬಯಲು ತೋರಿಸದಿದ್ದ ಅವನ ಗುಣವನ್ನು ಘಟ್ಟ ತೋರಿಸಿತು.

ಕಡಲ ಪಾಠವೇ ಬೇರೆ. ಅಲ್ಲಿ ದಿನಚರಿಯನ್ನು ನಾವು ಬರೆಯುವಂತಿಲ್ಲ, ಉಬ್ಬರ-ಇಳಿತಗಳು ಬರೆಯುತ್ತವೆ. ಅವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆಯಾದ್ದರಿಂದ ನಿನ್ನೆಯ ವೇಳಾಪಟ್ಟಿ ಇಂದಿಗೆ ಒದಗದು. ತೀರಕ್ಕೆ ಹೋದೊಡನೆ ಅಲ್ಲಿನ ಮೀನುಗಾರ ಹಿರಿಯರೊಬ್ಬರನ್ನು ಕಂಡು ಮಾತನಾಡಿಸುವುದು ನಮ್ಮ ಪದ್ಧತಿಯಾಗಿತ್ತು. ಒಮ್ಮೆ ಒಬ್ಬ ಅಜ್ಜ ನನಗೆ ಹೇಳಿದರು: "ಮಾಸ್ತರ್ರೇ, ತೆರೆ ಒಡೆಯೂ ಜಾಗ ಕಣ್ಣಿಗೆ ಕಾಣ್ತದೆ, ಮಕ್ಕಳೇ ಹೆದ್ರಿ ದೂರ ನಿಲ್ತಾರೆ. ನೀವು ತೆರೆ ಒಡೀದೇ ಇರೂ ಜಾಗಕ್ಕೆ ಹೆದ್ರಿ." ಆ ಒಂದು ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ತೆರೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲವೇ? ಅದು ಮರಳಿನ ದಿಬ್ಬಗಳ ನಡುವಿನ ಆಳವಾದ ಕಿರಿದಾರಿಯಲ್ಲಿ ರಭಸದಿಂದ ಕಡಲಿಗೆ ಮರಳುತ್ತದೆ. ಅಲ್ಲಿ ತೆರೆ ಹೆಚ್ಚಾಗಿ ಒಡೆಯದ ಕಾರಣ ನೀರು ಶಾಂತವಾಗಿ ಕಾಣುತ್ತದೆ. ಕಡಲನ್ನು ಅರಿಯದವರು ಸುರಕ್ಷಿತವೆಂದು ಬಗೆದು ಸರಿಯಾಗಿ ಅಲ್ಲಿಯೇ ಇಳಿಯುತ್ತಾರೆ. ಆ ಸೆಳವಿಗೆ ಎದುರಾಗಿ ದಂಡೆಯತ್ತ ಈಜಿದವನು ಸೋಲುತ್ತಾನೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದವನು ಪಾರಾಗಬಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಜನರೂ ವಾಹನಗಳೂ ಗಂಗಾವಳಿಯ ಪಾಲಾದರು. ಧಾರವಾಡದಲ್ಲಿ ಹುಟ್ಟಿದ ನಮ್ಮ ಶಾಲ್ಮಲೆಯೇ ಆ ಹೊಳೆ. ಇಂಥ ಸುದ್ದಿ ಕೇಳಿದಾಗಲೆಲ್ಲ ಪ್ರವಾಸಗಳನ್ನೂ ಶಿಬಿರಗಳನ್ನೂ ನಿಲ್ಲಿಸಿಬಿಡಬೇಕೆಂಬ ಕೂಗು ಏಳುತ್ತದೆ. ಮಕ್ಕಳನ್ನು ಕಳೆದುಕೊಂಡವರ ಸಂಕಟದ ಮುಂದೆ ವಾದ ಹೂಡುವುದು ಸಲ್ಲದು. ಆದರೆ ಬಯಲುಸೀಮೆಯ ಮಕ್ಕಳಿಗೆ ಕಡಲನ್ನು ತೋರಿಸದೆಯೇ ಇದ್ದರೆ, ಅವರು ಹದಿನೆಂಟು ದಾಟಿದ ಮೇಲೆ ಗೆಳೆಯರೊಡನೆ ತಾವಾಗಿಯೇ ಹೋಗುತ್ತಾರೆ. ಆಗ ಜೊತೆಯಲ್ಲಿ ಶಿಕ್ಷಕನೂ ಇರುವುದಿಲ್ಲ, ಆ ಅಜ್ಜನಂಥವರ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸವೂ ಇರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಚೆಗೆ ಕೇಳಿದರು: "ಸರ್, ಮಗಳನ್ನ ಕಾರವಾರದ ಶಿಬಿರಕ್ಕ ಕಳಸಲೋ ಬ್ಯಾಡೋ?" ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ತೀರದಲ್ಲಿ ಮಕ್ಕಳೊಡನೆ ಸ್ಥಳೀಯರು ಯಾರಿರುತ್ತಾರೆ? ಎಷ್ಟು ಮಕ್ಕಳಿಗೆ ಒಬ್ಬರು ಹಿರಿಯರು? ಮಳೆಗಾಲದಲ್ಲಿ ಘಟ್ಟದ ದಾರಿ ಹಿಡಿಯುತ್ತಾರೆಯೇ? ಹವಾಮಾನ ಕೆಟ್ಟರೆ ಕಾರ್ಯಕ್ರಮವನ್ನು ಕೈಬಿಡುವ ಅಧಿಕಾರ ಯಾರದು? ಈ ಕೊನೆಯ ಪ್ರಶ್ನೆಗೆ ಸಂಘಟಕರು ತಡವರಿಸಿದರೆ ಕಳಿಸಬೇಡಿರಿ. ಸ್ಪಷ್ಟವಾಗಿ ಉತ್ತರಿಸಿದರೆ ಧೈರ್ಯವಾಗಿ ಕಳಿಸಿರಿ.

ನಿಮ್ಮಲ್ಲಿ ಅನೇಕರು ಈಗ ಸ್ವತಃ ಶಿಕ್ಷಕರಾಗಿದ್ದೀರಿ, ಕೆಲವರು ಶಿಬಿರಗಳನ್ನು ನಡೆಸುತ್ತಿದ್ದೀರಿ. ಅವರಿಗೊಂದು ಸೂಚನೆ. ಮೊದಲ ದಿನ ಬಯಲಿನಲ್ಲಿ ಸಾಲು ಕಟ್ಟಲು ಕಲಿಸಿರಿ. ಅದಿಲ್ಲದೆ ಮುಂದಿನದಾವುದೂ ಆಗದು. ಎರಡನೆಯ ದಿನ ಘಟ್ಟದಲ್ಲಿ ಹಿಂದಿನವನನ್ನು ಕಾಯಲು ಕಲಿಸಿರಿ. ಮೂರನೆಯ ದಿನ ಕಡಲ ದಂಡೆಯಲ್ಲಿ, ನೀವು ಮಕ್ಕಳೆದುರಿಗೇ ಒಬ್ಬ ಮೀನುಗಾರನ ಪಕ್ಕದಲ್ಲಿ ಕುಳಿತು, ಇಂದು ನೀರಿಗೆ ಇಳಿಯಬಹುದೇ ಎಂದು ಕೇಳಿರಿ. ಅವನು ಬೇಡವೆಂದರೆ ಎದ್ದು ಬನ್ನಿರಿ. ತಮ್ಮ ಗುರುಗಳು ಬಲ್ಲವರ ಮಾತಿಗೆ ತಲೆಬಾಗುವುದನ್ನು ಕಂಡ ಮಕ್ಕಳು ನಾಯಕತ್ವದ ಬಗ್ಗೆ ಬೇರೆ ಭಾಷಣವನ್ನು ಕೇಳಬೇಕಾಗಿಲ್ಲ.