ಕಡಲನ್ನು ಅಳೆದ ಬಳ್ಳ

ಹೊಲಕ್ಕೆ ರೈತ ಗೊಬ್ಬರ ಹಾಕುತ್ತಾನೆ. ಕಡಲಿಗೆ ಹಾಕುವವರು ಯಾರು? ಉಷ್ಣವಲಯದ ಸಮುದ್ರದ ಮೇಲ್ನೀರು ಬಹುಮಟ್ಟಿಗೆ ಬರಡು. ಸಾರಜನಕದ ಅನಿಲ ಆ ನೀರಿನಲ್ಲಿ ಬೇಕಾದಷ್ಟು ಕರಗಿದೆ, ಆದರೆ ಅದನ್ನು ಉಣ್ಣಬಲ್ಲ ಜೀವಿಗಳು ವಿರಳ. ಅವರೆ, ತೊಗರಿಗಳ ಬೇರುಗಂಟಿನಲ್ಲಿ ಸೂಕ್ಷ್ಮಜೀವಿಗಳು ಮಾಡುವ ಕೆಲಸವನ್ನು ಇಲ್ಲಿ ಟ್ರೈಕೋಡೆಸ್ಮಿಯಂ ಎಂಬ ನೀಲಿಹಸಿರು ಪಾಚಿಯೂ ಅದರ ಬಂಧುಗಳೂ ಮಾಡುತ್ತವೆ.

ಈ ಪಾಚಿಯ ಪರಿಚಯ ಹಳೆಯದು. 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನವರು ಆಸ್ಟ್ರೇಲಿಯದ ಬಳಿ ಇದನ್ನು ಕಂಡರು. ನಾವಿಕರ ಬಾಯಲ್ಲಿ ಇದು ಕಡಲಿನ ಮರದಹೊಟ್ಟು. ಜರ್ಮನಿಯ ಏರೆನ್‌ಬರ್ಗ್ 1823ರಲ್ಲಿ ಕೆಂಪು ಸಮುದ್ರದ ಟೋರ್ ಕೊಲ್ಲಿಯಲ್ಲಿ ನೋಡಿ, 1830ರಲ್ಲಿ ಹೆಸರಿಟ್ಟನು. ನಮ್ಮ ಮಂಗಳೂರಿನ ಕಡಲಲ್ಲಿ ಇದು ದಟ್ಟವಾಗಿ ಮುತ್ತಿದ ವರದಿ 1965ರ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು.

ಕಾಣುವುದು ಬೇರೆ, ಅಳೆಯುವುದು ಬೇರೆ. 1961ರಲ್ಲಿ ಡಗ್‌ಡೇಲ್, ಮೆಂಜೆಲ್ ಮತ್ತು ರೈದರ್ ಅಟ್ಲಾಂಟಿಕಿನ ಸಾರ್ಗಾಸೋ ಸಮುದ್ರದ ಅಳತೆಯನ್ನು ಪ್ರಕಟಿಸಿದರು. 1964ರ ಲೇಖನದಲ್ಲಿ ಅರಬ್ಬೀ ಸಮುದ್ರವೂ ಸೇರಿತು. ಉಪಾಯ ಸರಳ. ಸಾಮಾನ್ಯ ಸಾರಜನಕದ ಪರಮಾಣುವಿನ ತೂಕ 14. ಅಪರೂಪದ ಒಂದು ಬಗೆಯದು 15. ಕಡಲ ನೀರಿನ ಸೀಸೆಗೆ ಈ ಭಾರದ ಅನಿಲವನ್ನು ಸೇರಿಸಿ, ಕೆಲವು ಗಂಟೆ ಬೆಳಕಿನಲ್ಲಿಟ್ಟು, ಪಾಚಿಯನ್ನು ಸೋಸಿ ತೆಗೆದು, ಅದರ ಮೈಯಲ್ಲಿ ಭಾರದ ಸಾರಜನಕ ಎಷ್ಟು ಸೇರಿದೆಯೆಂದು ನೋಡುವುದು. ಗುರುತು ಮಾಡಿದ ನಾಣ್ಯವನ್ನು ಸಂತೆಯಲ್ಲಿ ಬಿಟ್ಟು ಅದು ಯಾರ ಗಲ್ಲಾಪೆಟ್ಟಿಗೆ ಸೇರಿತೆಂದು ಹುಡುಕಿದ ಹಾಗೆ. 1996ರಲ್ಲಿ ಮಾಂಟೋಯಾ ಮತ್ತು ಸಂಗಡಿಗರು ಈ ಕ್ರಮವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಸೀಸೆಯೊಳಗೆ ಅನಿಲದ ಒಂದು ಗುಳ್ಳೆಯನ್ನು ಬಿಡುವುದು ರೂಢಿಯಾಯಿತು.

ಆದರೆ ಲೆಕ್ಕ ಕೂಡಲಿಲ್ಲ. ಬೇರೆ ಕೆಲವು ಸೂಕ್ಷ್ಮಜೀವಿಗಳು ಕಡಲಿನ ಸಾರಜನಕದ ಲವಣಗಳನ್ನು ಒಡೆದು ಮತ್ತೆ ಅನಿಲವಾಗಿಸುತ್ತವೆ. ಅರಬ್ಬೀ ಸಮುದ್ರ ಅದಕ್ಕೆ ಹೆಸರಾದ ತಾಣ. ಹಲವು ಅಂದಾಜುಗಳಲ್ಲಿ ಈ ಖರ್ಚು ಜಮೆಯನ್ನು ಮೀರಿತು. ಕಡಲು ದಿವಾಳಿಯತ್ತ ಸಾಗಿದೆಯೆ, ಅಥವಾ ಜಮೆಯ ಪುಟವೇ ತಪ್ಪೆ? ಸಣ್ಣ ಪ್ರಶ್ನೆಯಲ್ಲ ಇದು. ಕಡಲಿನ ಪಾಚಿ ಎಷ್ಟು ಬೆಳೆಯುತ್ತದೆ, ಅದನ್ನು ನಂಬಿದ ಮೀನು ಎಷ್ಟು, ಗಾಳಿಯ ಇಂಗಾಲವನ್ನು ಕಡಲು ಎಷ್ಟು ಹೀರುತ್ತದೆ ಎಂಬುದೆಲ್ಲ ಈ ಪುಟಕ್ಕೆ ಕಟ್ಟುಬಿದ್ದಿದೆ.

ಉತ್ತರದ ಒಂದು ತುಣುಕು ಗುಳ್ಳೆಯಲ್ಲೇ ಇತ್ತು. ಅನಿಲ ಬೇಗನೆ ನೀರಿನಲ್ಲಿ ಬೆರೆಯುತ್ತದೆಂದು ಲೆಕ್ಕ ಹಿಡಿದಿದ್ದರು. ಗುಳ್ಳೆ ಕರಗುವುದು ಬಹಳ ನಿಧಾನವೆಂದು, ಆದ್ದರಿಂದ ಬಂದ ಅಂಕಿ ನಿಜಕ್ಕಿಂತ ಕಡಿಮೆಯೆಂದು 2010ರಲ್ಲಿ ಮೋರ್ ಮತ್ತು ಸಂಗಡಿಗರು ತೋರಿಸಿದರು. ಅನಿಲವನ್ನು ಮೊದಲೇ ನೀರಿನಲ್ಲಿ ಕರಗಿಸಿ ಸೇರಿಸುವ ಹೊಸ ಕ್ರಮದಿಂದ ಅಟ್ಲಾಂಟಿಕಿನಲ್ಲಿ ಅಳೆದವರು, ಜಗತ್ತಿನ ಕಡಲುಗಳ ವಾರ್ಷಿಕ ಜಮೆ 10.3 ಕೋಟಿ ಟನ್ನಿನಿಂದ 17.7 ಕೋಟಿ ಟನ್ನಿಗೆ ಏರಬಹುದೆಂದು 2012ರಲ್ಲಿ ಬರೆದರು. 2014ರಲ್ಲಿ ಎದುರು ದಿಕ್ಕಿನ ಎಚ್ಚರಿಕೆ ಬಂತು: ಅಂಗಡಿಯಿಂದ ತಂದ ಕೆಲವು ಅನಿಲದಲ್ಲಿ ಅಮೋನಿಯದಂಥ ಕಲ್ಮಷವಿದ್ದು, ಅದು ಅಂಕಿಯನ್ನು ಸುಳ್ಳಾಗಿ ಉಬ್ಬಿಸಬಲ್ಲದು.

ಈ ಚರಿತ್ರೆಯಲ್ಲಿ ನನಗೆ ಹಿಡಿಸಿದ್ದು ಇಷ್ಟೆ. ಲೆಕ್ಕ ಕೂಡದಾಗ ಈ ಜನ ಕಡಲನ್ನು ದೂರುತ್ತ ಕೂರಲಿಲ್ಲ. ತಮ್ಮ ಬಳ್ಳವನ್ನೇ ಬೋರಲು ಹಾಕಿ, ತಳ ಸರಿಯಿದೆಯೇ ಎಂದು ನೋಡಿದರು.